ಫೇಸ್ ವಾಶ್ ಹಚ್ಚಿ ಪಟ್ಟಿ ಅಂಟಿಸಿದ್ರೆ ಕೆಂಪಾಗುತ್ತೆ, ಅಲರ್ಜಿನಾ?

ತೋಟದ ದಾರಿ (ಗೋಣಿಕೊಪ್ಪ):
ಹೊಸ ಫೇಸ್ ವಾಶ್ ಮೊದಲು ಕೈಗೆ ಹಚ್ಚಿ ನೋಡಿ ಅಂತಾರಲ್ಲ. ಮೊಳಕೈ ಒಳಗೆ ಒಂದು ಹನಿ ಹಚ್ಚಿ, ಬ್ಯಾಂಡೇಜ್ ಪಟ್ಟಿ ಅಂಟಿಸಿ 24 ಗಂಟೆ ಬಿಟ್ಟರೆ ಪಟ್ಟಿಯ ಅಳತೆಗೇ ಕೆಂಪು, ಉರಿ. ಎರಡು ಬ್ರ್ಯಾಂಡಿಗೂ ಹೀಗೇ. ಎರಡನ್ನೂ ಬಿಸಾಡಬೇಕಾ?

ನೊರೆಕಾಯಿ (ಮಡಿಕೇರಿ):
ಬಿಸಾಡಬೇಡಿ, ತಪ್ಪು ಪರೀಕ್ಷೆಯದ್ದು. ತೊಳೆದು ಹೋಗುವಂಥದ್ದನ್ನು ಮುಚ್ಚಿಡಬಾರದು. ನೊರೆ ಬರಿಸೋ ಸರ್ಫ್ಯಾಕ್ಟೆಂಟ್ ಮುಖದ ಮೇಲೆ ಇರೋದು ಒಂದು ನಿಮಿಷ. ಪಟ್ಟಿಯಡಿ ಇಡೀ ದಿನ ಕೂತರೆ ಅಲರ್ಜಿ ಇಲ್ಲದವರ ಚರ್ಮವೂ ಕೆಂಪಾಗುತ್ತೆ. ಆಸ್ಪತ್ರೆಯಲ್ಲೂ ಸೋಪಿನಂಥದ್ದನ್ನು ನೀರಲ್ಲಿ ಶೇ. 1ರಷ್ಟಕ್ಕೆ ತೆಳುಮಾಡಿಯೇ ಬೆನ್ನಿಗೆ ಅಂಟಿಸೋದು.

ಮನೇಲಾದರೆ ಮೊಳಕೈ ಮಡಿಕೆಯ ಕೆಳಗೆ ಐದು ರೂಪಾಯಿ ನಾಣ್ಯದಷ್ಟು ಜಾಗ ಒದ್ದೆ ಮಾಡಿ, ಕರಿಮೆಣಸಿನ ಕಾಳಿನಷ್ಟು ಹಚ್ಚಿ, ಮುಖದ ಮೇಲೆ ಬಿಡುವಷ್ಟೇ ಹೊತ್ತು ಬಿಡಿ. ಡಬ್ಬಿ ಮೇಲೆ ಹೇಳಿಲ್ಲದಿದ್ದರೆ 5 ನಿಮಿಷ. ತೊಳೆದು ಬಟ್ಟೆ ಒತ್ತಿ ಒರೆಸಿ, ಉಜ್ಜಬೇಡಿ. ದಿನಕ್ಕೆ 2 ಸಲ, 7ರಿಂದ 10 ದಿನ, ಅದೇ ಜಾಗಕ್ಕೆ. ಎರಡನೇ ಬ್ರ್ಯಾಂಡ್ ಇನ್ನೊಂದು ಕೈಗೆ. ಮರುದಿನವೇ ನೋಡಿ ‘ಪಾಸ್’ ಅನ್ನಬೇಡಿ, ಅಲರ್ಜಿ 2ರಿಂದ 4 ದಿನ ತಡವಾಗಿ ಬರೋದೇ ಹೆಚ್ಚು.

ತೋಟದ ದಾರಿ:
ಚರ್ಮ ಕೆರಳಿದ ಬರೀ ಉರಿಯೋ ಅಲರ್ಜಿಯೋ ಹೇಗೆ ಗೊತ್ತಾಗುತ್ತೆ?

ನೊರೆಕಾಯಿ:
ಹಚ್ಚಿದ ಸ್ವಲ್ಪ ಹೊತ್ತಿಗೇ ಚುರುಚುರು, ಬಿಗಿತ, ಹಚ್ಚಿದಷ್ಟೇ ಜಾಗ ಕೆಂಪು, ಬಿಟ್ಟರೆ ಇಳಿಯುತ್ತೆ: ಸಾಮಾನ್ಯವಾಗಿ ಉರಿ. ತಡವಾಗಿ ತುರಿಕೆ, ಸಣ್ಣ ಗುಳ್ಳೆ, ಹಚ್ಚದ ಕಡೆಗೂ ಹರಡಿ ದಿನಗಟ್ಟಲೆ ಉಳಿದರೆ ಅಲರ್ಜಿ ಅಂತ ಅನುಮಾನ. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣೋದೂ ಉಂಟು. ಅಲರ್ಜಿ ತರಬಲ್ಲವು ಅಂತ ಲೇಬಲಲ್ಲಿ ಮೊದಲು ನೋಡಬೇಕಾದ್ದು ಸುಗಂಧ, ಕೆಡದಂತೆ ಹಾಕೋ ಮೀಥೈಲ್‌ಐಸೋಥಿಯಾಜೋಲಿನೋನ್, ನೊರೆಗೆ ಹಾಕೋ ಕೋಕಮಿಡೋಪ್ರೊಪೈಲ್ ಬೀಟೇನ್, ಡೆಸೈಲ್ ಗ್ಲುಕೋಸೈಡ್. ಕೊನೆಯದು ‘ಸೌಮ್ಯ’, ‘ಸಲ್ಫೇಟ್ ಇಲ್ಲ’ ಅಂತ ಮಾರೋದರಲ್ಲೇ ಹೆಚ್ಚು!

ಕಾವೇರಿತೀರ (ಕುಶಾಲನಗರ):
ಪರೀಕ್ಷೆಗೆ ಮೊದಲು ಅಲರ್ಜಿಗೆ ತಗೊಳ್ಳೋ ಸೆಟಿರಿಜಿನ್ ಮಾತ್ರೆ ನಿಲ್ಲಿಸಬೇಕು, ಅಲ್ವಾ?

ಔಷಧಿ ಚೀಟಿ (ವಿರಾಜಪೇಟೆ):
ಅದು ಚರ್ಮಕ್ಕೆ ಸೂಜಿ ಚುಚ್ಚಿ ಮಾಡೋ ಅಲರ್ಜಿ ಪರೀಕ್ಷೆಯ ನಿಯಮ, ಇಲ್ಲಿ ಅಷ್ಟು ಅಡ್ಡಿಯಿಲ್ಲ. ಅಡ್ಡಿ ಮಾಡೋದು ಸ್ಟೀರಾಯ್ಡ್. ಚೀಟಿ ಇಲ್ಲದೆ ತರೋ ‘ತುರಿಕೆ ಕ್ರೀಮ್’ಗಳಲ್ಲಿ ಕ್ಲೋಬೆಟಾಸಾಲ್ ಅನ್ನೋ ಜೋರು ಸ್ಟೀರಾಯ್ಡ್ ಇರೋದು ಜಾಸ್ತಿ, ಅದು ಹಚ್ಚಿದ ಜಾಗದಲ್ಲಿ ನಿಜವಾದ ಅಲರ್ಜಿಯೂ ಅಡಗುತ್ತೆ. ಅದನ್ನು ಹಚ್ಚದ ಜಾಗ ಆರಿಸಿ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ತಗೊಳ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರನ್ನೇ ಕೇಳಿ.

ಇನ್ನೊಂದು. ತೋಟಕ್ಕೆ ಬೋರ್ಡೋ ದ್ರಾವಣ (ಸುಣ್ಣ, ಮೈಲುತುತ್ತ ಬೆರೆಸಿದ ಶಿಲೀಂಧ್ರನಾಶಕ) ಸಿಂಪಡಿಸೋ ವಾರದಲ್ಲಿ ಈ ಪರೀಕ್ಷೆ ಬೇಡ, ಸುಣ್ಣವೂ ಮೈಲುತುತ್ತವೂ ಚರ್ಮ ಕೆರಳಿಸುತ್ತವೆ, ಯಾವುದರಿಂದ ಕೆಂಪಾಯ್ತೋ ತಿಳಿಯಲ್ಲ. ಮಳೆಗಾಲದಲ್ಲಿ ರೈನ್‌ಕೋಟ್ ತೋಳಿನೊಳಗೆ ಬೆವರು ನಿಂತರೂ ಅದೇ ಗೋಳು. ಆಸ್ಪತ್ರೆಯ ಟೆಸ್ಟಿಗೆ ಹೋಗೋದಾದರೆ ಬೇಸಿಗೆ ಮಳೆ ಎರಡೂ ಇಲ್ಲದ ವಾರ ನೋಡಿ: ಬೆನ್ನಿನ ಪಟ್ಟಿ 48 ಗಂಟೆ ಒದ್ದೆಯಾಗಬಾರದು, ತೆಗೆದ ದಿನ ಒಮ್ಮೆ, 4ನೇ ದಿನದ ಹೊತ್ತಿಗೆ ಇನ್ನೊಮ್ಮೆ ತೋರಿಸಬೇಕು. ಫೇಸ್ ವಾಶ್ ಡಬ್ಬಿಯನ್ನೇ ತಗೊಂಡು ಹೋಗಿ.