ಮೊಣಕಾಲಿನ ಆಧಾರ್ ಕಾರ್ಡು

"ತಿಂಗಳಾಯಿತು, ಇನ್ನೂ ಮಾಯಲಿಲ್ಲ ನೋಡ್ರಿ" ಎನ್ನುತ್ತ ಬಸಣ್ಣ ಚಹಾದಂಗಡಿಯ ಬೆಂಚಿನ ಮೇಲೆ ಕಾಲು ಚಾಚಿದ. ಮೊಣಕಾಲಿಗೆ ಪಟ್ಟಿ, ಮೈಗಂಟಿದ ಚಡ್ಡಿ. ಹೊಸ ಗೇರ್ ಸೈಕಲ್ಲು ಗೋಡೆಗೆ ಒರಗಿತ್ತು.

ಶಂಕ್ರಪ್ಪ ಮಾಸ್ತರು ಬಶಿಗೆ ಚಹಾ ಸುರಿದುಕೊಂಡರು. "ಟೀಶರ್ಟಿನ ಮೇಲೆ ಏನು ಬರೆದಿದೆ, ಓದು."

"ವಯಸ್ಸು ಬರೇ ನಂಬರ್."

"ನಿನ್ನದೆಷ್ಟು ನಂಬರು?"

"62."

"ಟೀಶರ್ಟು ಮೊಣಕಾಲಿನ ತನಕ ಬರುವುದಿಲ್ಲ. ಅದಕ್ಕೇ ಮೊಣಕಾಲಿಗೆ ಸುದ್ದಿ ಮುಟ್ಟಿಲ್ಲ. ಅದು ಆಧಾರ್ ಕಾರ್ಡನ್ನೇ ನೋಡುತ್ತಿದೆ."

"ವಿಜಯಪುರ ಅಂದರೆ ಸೈಕಲ್ಲಿನ ಊರು ಮಾಸ್ತರೇ. ನಮ್ಮ ಹುಡುಗರು ಎಷ್ಟು ಪದಕ ತಂದಿದ್ದಾರೆ!"

"ತಂದಿದ್ದಾರೆ. ಅವರಿಗೆ ಇಪ್ಪತ್ತು. ಈ ಭಾನುವಾರ ಕೆತ್ತಿಕೊಂಡರೆ ಬರುವ ಭಾನುವಾರಕ್ಕೆ ಹಕ್ಕಳೆ ಉದುರುತ್ತದೆ."

ನಿವೃತ್ತ ಕಂಪೌಂಡರ್ ಈರಣ್ಣ ಬಗ್ಗಿ ಪಟ್ಟಿ ನೋಡಿದ. "ಶುಗರ್ ತೋರಿಸಿದೆಯಾ?"

"ನಾರ್ಮಲ್ ಇದೆ."

"ಕಾಕಾ, ಕೊಲಾಜನ್ ಪುಡಿ ಕುಡೀರಿ" ಎಂದ ಮಲ್ಲು. ಅವನ ಮೊಬೈಲಿನಲ್ಲಿ ಜಗತ್ತಿನ ಎಲ್ಲ ಪುಡಿಗಳೂ ಇವೆ. "ಚರ್ಮ ಮೂವತ್ತಕ್ಕೆ ಇಳಿಯುತ್ತದಂತೆ."

ಮಾಸ್ತರು ಬಶಿ ಕೆಳಗಿಟ್ಟರು. "ಹುಟ್ಟಿದ ತಾರೀಕು ತಿದ್ದಿಸಲು ಆಧಾರ್ ಕೇಂದ್ರದವರು ದಾಖಲೆ ಮೇಲೆ ದಾಖಲೆ ಕೇಳುತ್ತಾರೆ. ನಿನ್ನ ಪುಡಿ ಒಂದೇ ಚಮಚದಲ್ಲಿ ತಿದ್ದುತ್ತದೇನೋ? ಕೊಲಾಜನ್ ಅನ್ನುವುದೂ ಒಂದು ಪ್ರೋಟೀನ್ ತಮ್ಮಾ. ಹೊಟ್ಟೆಗೆ ಹೋದರೆ ಬೇಳೆಯ ಪ್ರೋಟೀನಿನ ಹಾಗೇ ಚೂರಾಗುತ್ತದೆ. ಆ ಚೂರುಗಳ ಮೇಲೆ 'ಬಸಣ್ಣ, ಬಲಗಾಲು, ವಿಜಯಪುರ' ಅಂತ ವಿಳಾಸ ಬರೆದಿರುವುದಿಲ್ಲ."

"ಹಾಗಾದರೆ ತಡ ಯಾಕೆ ಆಗುತ್ತದೆ?"

"ಅಮೆರಿಕದ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದವರು 2016ರಲ್ಲಿ ಇಲಿಗಳಲ್ಲಿ ನೋಡಿದ್ದಾರೆ. ಒಂದು ಗುಂಪಿನ ವಯಸ್ಸು ಎರಡು ತಿಂಗಳು, ಇನ್ನೊಂದರದು ಎರಡು ವರ್ಷ. ಗಾಯವಾದ ಕೂಡಲೇ ಅಂಚಿನ ಚರ್ಮದ ಕೋಶಗಳು ಪಕ್ಕದ ರಕ್ಷಣಾ ಕೋಶಗಳನ್ನು ಕೂಗಿ ಕರೆಯಬೇಕು. ಆಮೇಲೆ ಹೊಸ ಚರ್ಮ ಅಂಚಿನಿಂದ ಒಳಗೆ ಸರಿಯಬೇಕು. ಮುದಿ ಇಲಿಯಲ್ಲಿ ಆ ಕೂಗೇ ಸರಿಯಾಗಿ ಕೇಳಿಸಲಿಲ್ಲ."

"ಇಲಿಗೂ ಆಧಾರ್ ಇದೆಯಾ?" ಮಲ್ಲು ನಕ್ಕ.

"ಟೀಶರ್ಟಂತೂ ಇರಲಿಲ್ಲ."

ಬಸಣ್ಣ ಪಟ್ಟಿಗೆ ಕೈ ಹಾಕಿದ. "ಸುಮ್ನೆ ಬಿಚ್ಚಿ ಗಾಳಿಗೆ ಬಿಡುತ್ತೇನೆ. ಒಣಗಿದರೆ ಮಾಯುತ್ತದೆ, ಅಲ್ವಾ?"

"ಮುಟ್ಟಬೇಡ!" ಈರಣ್ಣ ಗದರಿದ. "ಜಾರ್ಜ್ ವಿಂಟರ್ ಅನ್ನುವವನು 1962ರಲ್ಲೇ ಹಂದಿಗಳ ಮೇಲೆ ತೋರಿಸಿಕೊಟ್ಟಿದ್ದಾನೆ. ಮುಚ್ಚಿ ತೇವವಾಗಿಟ್ಟ ಗಾಯಕ್ಕೇ ಬೇಗ ಚರ್ಮ ಬರುತ್ತದೆ. ತಿಂಗಳಾದರೂ ಮಾಯದ್ದನ್ನು ಡಾಕ್ಟರಿಗೆ ತೋರಿಸಬೇಕು, ಗಾಳಿಗಲ್ಲ."

"ಇಲಿ ಆಯಿತು, ಹಂದಿಯೂ ಆಯಿತು. ಮನುಷ್ಯರ ಸುದ್ದಿ ಯಾವಾಗ?" ಬಸಣ್ಣನಿಗೆ ಸಿಟ್ಟು.

ಮಾಸ್ತರು ಧೋತರ ಸ್ವಲ್ಪ ಸರಿಸಿದರು. ಮೊಣಕಾಲಿನ ಕೆಳಗೆ ದಪ್ಪ ಗೆರೆ. "ಇದು ಆರನೇ ಇಯತ್ತೆಯದು. ನಾನೂ ಹುಸೇನಿಯೂ ಮಲಿಕ್-ಎ-ಮೈದಾನ್ ಫಿರಂಗಿಯ ಮೇಲೆ ಕುದುರೆ ಸವಾರಿ ಮಾಡುತ್ತಿದ್ದೆವು. 1549ರ ತೋಪು, 55 ಟನ್ ತೂಕ. ಅದಕ್ಕೇನೂ ಆಗಲಿಲ್ಲ. ನನಗೆ ಎಲುಬು ಕಾಣುವ ಹಾಗೆ ಹರಿಯಿತು. ಹುಸೇನಿ ಹೆಗಲ ಮೇಲೆ ಹೊತ್ತು ಮನೆಗೆ ತಂದ. ಬೇಗನೇ ಮಾಯಿತು, ಗುರುತು ಹೋಗಲಿಲ್ಲ. ಎಳೆ ಚರ್ಮದ ರೀತಿಯೇ ಹಾಗೆ. ಗಡಿಬಿಡಿಯಲ್ಲಿ ಹೊಲಿದು ದಪ್ಪ ಕಲೆ ಬಿಡುತ್ತದೆ. ಮುದಿ ಚರ್ಮ ತಡ ಮಾಡುತ್ತದೆ, ಆದರೆ ಕಲೆ ತೆಳುವಾಗಿರುತ್ತದೆ."

"ಹುಸೇನಿ ಕಾಕಾ ಈಗ ಎಲ್ಲಿದ್ದಾರೆ?"

"ಹೋದ ವರ್ಷ ತೀರಿಕೊಂಡ."

ಯಾರೂ ಮಾತಾಡಲಿಲ್ಲ. ಈರಣ್ಣ ಎಲ್ಲರಿಗೂ ಇನ್ನೊಂದು ಸುತ್ತು ಚಹಾ ಹೇಳಿದ.

ಕೊನೆಗೆ ಬಸಣ್ಣನೇ ಬಾಯಿ ಬಿಟ್ಟ. "ಅಂದರೆ, ಇಷ್ಟೆಲ್ಲ ನೋವು ತಿಂದರೂ ನನಗೆ ಕಲೆ ಉಳಿಯುವುದಿಲ್ಲವಾ? ಸೋಲಾಪುರ ರಸ್ತೆಯಲ್ಲಿ ಲಾರಿ ತಪ್ಪಿಸುವಾಗ ಬಿದ್ದೆ ಅಂತ ಮನೆಯಲ್ಲಿ ಹೇಳಿದ್ದೇನೆ."

"ನಿಜವಾಗಿ ಎಲ್ಲಿ ಬಿದ್ದೆ?"

"ನಮ್ಮ ಅಂಗಳದಲ್ಲೇ. ಈ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ ಅಂತ ಅಂಗಡಿಯವನು ಹೇಳಿರಲಿಲ್ಲ. ಕಾಲಲ್ಲಿ ಹುಡುಕುತ್ತಿದ್ದೆ."