‘ಸೋತ ವಸ್ತು’ ಅನ್ನಬಹುದಾ? ಜನರಿಗೆ ಹಿಡಿಸದ ಸರಕಿಗೆ ಒಂದು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ. ದೊಡ್ಡ ಸದ್ದು ಮಾಡಿಕೊಂಡು ಮಾರುಕಟ್ಟೆಗೆ ಬಂದು, ಯಾರಿಗೂ ಬೇಡವಾಗಿ ಮೂಲೆ ಸೇರಿದ ವಸ್ತುಗಳ ಬಗ್ಗೆ ಲೇಖನ ಬರೆಯುತ್ತಿದ್ದೇನೆ. 2017ರಲ್ಲಿ ಸ್ಯಾಮ್ಯುಯೆಲ್ ವೆಸ್ಟ್ ಎಂಬ ಮನಶ್ಶಾಸ್ತ್ರಜ್ಞರು ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್‌ನಲ್ಲಿ ಇಂಥವಕ್ಕೆಂದೇ ಒಂದು ಮ್ಯೂಸಿಯಂ ತೆರೆದರಲ್ಲ, ಅಲ್ಲಿಂದ ಶುರು ಮಾಡಿದೆ. ‘ಸೋತ ವಸ್ತುಗಳು’ ಅಂತ ತಲೆಬರಹ ಕೊಟ್ಟೆ. ಕರಡು ಓದಿದ ಗೆಳತಿ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಳು: ‘ಯಾರ ಹತ್ರ ಸೋತವು?’

ಸುಮ್ನೆ ಕೀಟಲೆ ಅಂದುಕೊಂಡೆ. ಯೋಚಿಸಿದರೆ ಅವಳು ಕೇಳಿದ್ದು ಸರಿ. ನಮ್ಮ ‘ಸೋಲು’ ಒಬ್ಬ ಎದುರಾಳಿಯನ್ನು ಬೇಡುತ್ತದೆ. ಬೀಟಾಮ್ಯಾಕ್ಸ್ ಅನ್ನೋ ವಿಡಿಯೊ ಕ್ಯಾಸೆಟ್ ಸೋತಿತು ಅಂದರೆ ಒಪ್ಪುತ್ತದೆ. 1975ರಲ್ಲಿ ಸೋನಿ ಅದನ್ನು ತಂದಾಗ ಒಂದು ಕ್ಯಾಸೆಟ್‌ನಲ್ಲಿ ಒಂದೇ ಗಂಟೆ ರೆಕಾರ್ಡ್ ಮಾಡಬಹುದಿತ್ತು. ಮರುವರ್ಷ ಬಂದ ಎದುರಾಳಿ ಕ್ಯಾಸೆಟ್ ವಿಎಚ್‌ಎಸ್‌ನಲ್ಲಿ ಎರಡು ಗಂಟೆ. ಇಬ್ಬರು ಅಖಾಡಕ್ಕಿಳಿದರು, ಒಬ್ಬ ಮಣ್ಣು ಮುಕ್ಕಿದ.

ಆದರೆ ನ್ಯೂ ಕೋಕ್? ಕೋಕಾ-ಕೋಲಾ ತನ್ನ ಹಳೆಯ ರುಚಿಯನ್ನು ಬದಲಿಸಿ 1985ರ ಏಪ್ರಿಲ್ 23ರಂದು ಅದನ್ನು ತಂದಿತು. ಅದಕ್ಕೂ ಮುಂಚೆ ಸುಮಾರು 2 ಲಕ್ಷ ಜನಕ್ಕೆ ಕುಡಿಸಿ ನೋಡಿದ್ದರು. ಹೊಸದೇ ಚೆನ್ನಾಗಿದೆ ಅಂದವರೇ ಜಾಸ್ತಿ. ಅಂದರೆ ಅದು ಆಡಿದ ಪಂದ್ಯವನ್ನು ಗೆದ್ದೇ ಬಂದಿತ್ತು! ಆಮೇಲೆ ಜನ ಹಳೆಯದೇ ಬೇಕು ಅಂತ ರೇಗಿದರು, 79 ದಿನಕ್ಕೆ ಹಳೆಯದು ವಾಪಸ್ ಬಂತು. ಲೋಟ ಕೊಟ್ಟು ರುಚಿ ಕೇಳಬಹುದು. ‘ಹಳೆಯದು ಇನ್ನು ಸಿಗಲ್ಲ’ ಅನ್ನೋ ಸಂಗತಿಯನ್ನು ಲೋಟಕ್ಕೆ ಬಗ್ಗಿಸಿ ಕೊಡೋಕಾಗುತ್ತಾ? ಇಲ್ಲಿ ‘ಎಡವು’ ಸರಿ ಅನ್ನಿಸುತ್ತದೆ. ಆದರೆ ಎಡವಿದ್ದು ಕಂಪನಿ, ಪಾನೀಯ ಅಲ್ಲ.

‘ವೈಫಲ್ಯ’ ಬೇಡ. ಅದನ್ನು ಕೇಳಿದ ಕೂಡಲೇ ಭದ್ರತಾ ವೈಫಲ್ಯ, ಮೂತ್ರಪಿಂಡ ವೈಫಲ್ಯ ನೆನಪಾಗುತ್ತವೆ. ‘ತೋಪೆದ್ದು ಹೋಯ್ತು’, ‘ಮಕಾಡೆ ಮಲಗಿತು’ ಮಾತಿಗೆ ಬಲು ಚೆಂದ, ಆದರೆ ಚಿತ್ರದ ಕೆಳಗಿನ ಸಾಲಿಗೆ ಕೂರುವುದಿಲ್ಲ.

ನನಗೆ ಇಷ್ಟವಾದದ್ದು ‘ಓಡು’. ಸಿನಿಮಾ ಓಡಲಿಲ್ಲ, ಸರಕು ಓಡಲಿಲ್ಲ ಅಂತೀವಲ್ಲ. ಖುಷಿಯಿಂದ ಎಲ್ಲ ಕಡೆ ಹಾಕುತ್ತಾ ಹೋದೆ, ಸೆಗ್‌ವೇ ಹತ್ತಿರ ಸಿಕ್ಕಿಬಿದ್ದೆ. ಅಕ್ಕಪಕ್ಕದ ಎರಡು ಚಕ್ರದ ಮೇಲೆ ತಾನೇ ಬ್ಯಾಲೆನ್ಸ್ ಮಾಡಿಕೊಂಡು ನಿಲ್ಲುವ ಗಾಡಿ ಅದು. 2001ರಲ್ಲಿ ಜನರ ಮುಂದೆ ಬಂತು, 2020ರಲ್ಲಿ ತಯಾರಿಕೆ ನಿಂತಿತು. ‘ಸೆಗ್‌ವೇ ಓಡಲಿಲ್ಲ’ ಅಂತ ಬರೆದರೆ ಮೆಕ್ಯಾನಿಕ್ ಕರೆಸಿ ಅಂತಾರೆ! ಗಾಡಿ ಚೆನ್ನಾಗೇ ಓಡುತ್ತಿತ್ತು. ಅದನ್ನು ಫುಟ್‌ಪಾತ್ ಮೇಲೆ ಬಿಡಬೇಕಾ ರಸ್ತೆಗೆ ಬಿಡಬೇಕಾ ಅನ್ನೋದಕ್ಕೇ ಒಂದೊಂದು ಕಡೆ ಒಂದೊಂದು ನಿಯಮ.

ಆಪಲ್ ಕಂಪನಿಯ ನ್ಯೂಟನ್‌ಗೆ ‘ಕಾಲ ಕೂಡಿಬರಲಿಲ್ಲ’ ಅಂತ ಬರೆದು ಹೊಡೆದುಹಾಕಿದೆ. ಅಂಗೈ ಮೇಲಿನ ಕಂಪ್ಯೂಟರ್ 1993ಕ್ಕೆ ಬೇಗವೇ ಆಯಿತು, ನಿಜ. ಆದರೆ ಮೊದಲು ಬಂದ ನ್ಯೂಟನ್ ಕೈಬರಹವನ್ನು ಏನೇನೋ ಓದಿಕೊಳ್ಳುತ್ತಿತ್ತು. ಅದನ್ನೂ ಕಾಲದ ತಲೆಗೆ ಕಟ್ಟೋದಾ?

ಇದಕ್ಕೇ ಅಂಟಿಕೊಂಡು ಇನ್ನೊಂದು ಪ್ರಶ್ನೆ. ಇಂಗ್ಲಿಷಿನ ‘ಇನ್ನೋವೇಶನ್’ಗೆ ‘ನಾವೀನ್ಯತೆ’ ಅಂತ ಎಲ್ಲರೂ ಬರೆಯುತ್ತಿದ್ದಾರೆ. ನವೀನತೆ ಅನ್ನಬಹುದು, ನಾವೀನ್ಯ ಅನ್ನಬಹುದು. ಎರಡೂ ಪ್ರತ್ಯಯ ಒಟ್ಟಿಗೆ ಯಾಕೆ? ಪ್ರಾಮುಖ್ಯತೆಯ ತಮ್ಮ ಇದು. ಬೇಡ ಅಂತ ‘ಆವಿಷ್ಕಾರ’ಕ್ಕೆ ಹೋದರೆ ಅರ್ಥವೇ ಬೇರೆ. 3ಎಂ ಕಂಪನಿಯಲ್ಲಿ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಹುಡುಕುತ್ತಾ ಹೋಗಿ, ಅಂಟಿಸಿ ಕಿತ್ತರೆ ಸಲೀಸಾಗಿ ಬಿಟ್ಟುಕೊಳ್ಳುವ ಅಂಟು ಕಂಡುಹಿಡಿದದ್ದು 1968ರಲ್ಲಿ. ಅದು ಆವಿಷ್ಕಾರ. ಅದೇ ಅಂಟು ಪೋಸ್ಟ್-ಇಟ್ ಚೀಟಿಯಾಗಿ ಅಮೆರಿಕದ ಎಲ್ಲ ಕಡೆ ಮಾರಾಟಕ್ಕೆ ಬಂದದ್ದು 1980ರಲ್ಲಿ. ನಡುವಿನ 12 ವರ್ಷದ ಕೆಲಸಕ್ಕೆ ನಮ್ಮಲ್ಲಿ ಹೆಸರೇನು? ‘ಹೊಸತನ’ ಗುಣದ ಹೆಸರು, ಕೆಲಸದ್ದಲ್ಲ.

ಸದ್ಯಕ್ಕೆ ನನಗೆ ಹೊಳೆದದ್ದು ‘ಚಾಲ್ತಿ’. ಹೊಸದನ್ನು ಚಾಲ್ತಿಗೆ ತರುವುದು ಒಂದು ಕಡೆ, ‘ಚಾಲ್ತಿಗೆ ಬಾರದ ವಸ್ತು’ ಇನ್ನೊಂದು ಕಡೆ. ಒಂದೇ ಪದದಿಂದ ಎರಡೂ ಹುಟ್ಟುತ್ತವೆ, ಯಾರ ಮೇಲೂ ತಪ್ಪು ಹೊರಿಸಿದ ಹಾಗಾಗಲ್ಲ. ನಾವು ಕಟ್ಟುವ ಪದಗಳಿಗೂ ಇದು ಹೊಂದುತ್ತದೆ ಅಲ್ವಾ? ಇಮೇಲ್ ಎದುರು ‘ಮಿಂಚೆ’ ಸೋತಿತಾ, ಓಡಲಿಲ್ಲವಾ, ಕಾಲ ಕೂಡಿಬರಲಿಲ್ಲವಾ? ಬಳಸುವವರು ಇಲ್ಲೇ ಇದ್ದೀರಿ, ಬೈಯಬೇಡಿ.

ಒಂದೇ ತೊಡಕು, ‘ಚಾಲ್ತಿ’ ಅಂದರೆ ಬ್ಯಾಂಕಿನ ಚಾಲ್ತಿ ಖಾತೆ ನೆನಪಾಗುತ್ತೆ ಅಂತ ಅದೇ ಗೆಳತಿ ಮತ್ತೆ ಪೆನ್ಸಿಲ್ ಹಿಡಿದಿದ್ದಾಳೆ. ಮಾರಾಟವಾಗದೆ ಕೊಳೆಯುವ ಸಾಮಾನಿಗೆ ನಿಮ್ಮ ಕಡೆ ಆಡುಮಾತಿನಲ್ಲಿ ಬೇರೇನಾದರೂ ಪದ ಇದೆಯಾ? ಎರಡು ಪದಕ್ಕಿಂತ ಜಾಸ್ತಿ ಆದರೆ ತಲೆಬರಹದ ಜಾಗದಲ್ಲಿ ಹಿಡಿಸುವುದಿಲ್ಲ.