ಸಹಾಯ ಬೇಕು: ಅಮ್ಮನ ಜೊತೆ ಬೆಂಗಳೂರು ಪೇಟೆ ಸುತ್ತಲಿಕ್ಕೆ
ನಮಸ್ಕಾರ ಎಲ್ರಿಗೂ, ನಾವು ಬದಿಯಡ್ಕದವ್ರು, ಬರುವ ವಾರ ಅಮ್ಮನನ್ನು ಕರ್ಕೊಂಡು ಬೆಂಗಳೂರಿಗೆ ಹೋಗ್ಲಿಕ್ಕುಂಟು, ಎರಡೇ ದಿನ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ದೋಸೆ ತಿನ್ಬೇಕು ಅಂತ ಅವ್ರಿಗೆ ಎಷ್ಟೋ ವರ್ಷದ ಆಸೆ, 1943ರ ಹೋಟ್ಲು ಅಲ್ವಾ, ಶುಕ್ರವಾರ ರಜೆ ಅಂತ ಶನಿವಾರಕ್ಕೆ ಇಟ್ಟಿದ್ದೇವೆ, ಆದ್ರೆ ಮೊಣಕಾಲು ನೋವು, ತುಂಬ ಹೊತ್ತು ನಿಲ್ಲಲಿಕ್ಕೆ ಆಗುದಿಲ್ಲ, ಎಷ್ಟು ಗಂಟೆಗೆ ಹೋದ್ರೆ ರಶ್ ಕಮ್ಮಿ?

ಇನ್ನೊಂದು ಮುಖ್ಯ ವಿಷಯ. ಅಜ್ಜಿ ಕಾಲದ ಹಿತ್ತಾಳೆ ಕಾಫಿ ಫಿಲ್ಟರ್ ಉಂಟು, ಕಲಾಯಿ ಪೂರಾ ಹೋಗಿ ಒಳಗೆ ಹಸಿರು ಹಿಡ್ದಿದೆ, ಅಮ್ಮ ಅದನ್ನು ಹಳೇ ಸೀರೆ ತುಂಡಲ್ಲಿ ಸುತ್ತಿ ಈಗ್ಲೇ ಬ್ಯಾಗಿಗೆ ಹಾಕಿ ಆಯ್ತು. ಚಿಕ್ಕಪೇಟೆ, ಅವೆನ್ಯೂ ರೋಡ್ ಕಡೆ ಕಲಾಯಿ ಹಾಕಿಕೊಡುವ ಪಾತ್ರೆ ಅಂಗಡಿ ಉಂಟಾ? ಭಾನುವಾರ ತೆರೆದಿರ್ತದಾ? ಹೊಸತು ತಗೊಳ್ಳಿ ಅನ್ಬೇಡಿ ದಯವಿಟ್ಟು, ಅವ್ರಿಗೆ ಅದೇ ಬೇಕು. ಗೊತ್ತಿದ್ದವ್ರು ಹೇಳಿ.